ಕಿವಿಗೊಟ್ಟ ಕಂಚಿನ ಕುರಿ

ಇದನ್ನು ಹೇಳುವುದನ್ನು ನಾನು ಬಹಳ ಕಾಲದಿಂದ ಮುಂದೆ ಹಾಕುತ್ತ ಬಂದಿದ್ದೇನೆ. ಶೇಂಗಾ ಕಿತ್ತ ಮೇಲೆ ಬರೆಯೋಣ ಎಂದುಕೊಂಡೆ. ಆಮೇಲೆ ಹಬ್ಬ ಕಳೆಯಲಿ ಎಂದೆ. ಆಮೇಲೆ ಕನ್ನಡಕದ ನಂಬರು ಬದಲಾಗಿದೆ, ಅಕ್ಷರ ಕಾಣುತ್ತಿಲ್ಲ ಎಂದೆ. ಹೊಸ ಕನ್ನಡಕ ಬಂದು ಅದರ ಗಾಜಿಗೂ ಗೀರು ಬಿದ್ದಿದೆ. ಇನ್ನು ನನ್ನ ಬಳಿ ನೆಪ ಉಳಿದಿಲ್ಲ.

ಚಳ್ಳಕೆರೆಯಲ್ಲಿ ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಉದ್ಯಾನವಿದೆ. ಊರಿನವರೆಲ್ಲ ಪಾರ್ಕು ಎನ್ನುತ್ತಾರೆ. ಅಲ್ಲಿ ಹೊಂಗೆ ಮರಗಳ ಕೆಳಗೆ ಒಂದು ಕಲ್ಲುಬೆಂಚು, ಬೆಂಚಿನ ಮೇಲೆ ಒಂದು ಕಂಚಿನ ಕುರಿ. ಅದು ಕುರಿಯ ಹಾಗೆ ನಿಂತಿಲ್ಲ. ಮನುಷ್ಯರು ಕಟ್ಟೆಯ ಮೇಲೆ ಕೂರುವ ಹಾಗೆ ಹಿಂಗಾಲುಗಳನ್ನು ಇಳಿಬಿಟ್ಟು ಕೂತಿದೆ. ಎಡ ಮುಂಗಾಲಿನಿಂದ ತೊಡೆಯ ಮೇಲೆ ಒಂದು ಚೊಂಬು ಹಿಡಿದುಕೊಂಡಿದೆ. ಬಲ ಮುಂಗಾಲನ್ನು ಬಲಗಿವಿಯ ಹಿಂದೆ ಒಡ್ಡಿ, ಕತ್ತು ವಾಲಿಸಿ, ಬಾಯಿ ಅರ್ಧ ತೆರೆದಿದೆ. ಈಗಷ್ಟೇ ಯಾರೋ ಏನೋ ಹೇಳಿದರು, ಅದಕ್ಕೆ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಿ ಅನ್ನುತ್ತಿದೆ.

ನೋಡಿದವರಿಗೆ ನಗು ಬಾರದೆ ಇರುವುದಿಲ್ಲ. ಮಕ್ಕಳು ಅದರ ಪಕ್ಕದಲ್ಲಿ ಹತ್ತಿ ಕೂತು ಕಿವಿಯಲ್ಲಿ ಕೂಗುತ್ತಾರೆ. ದೊಡ್ಡವರೂ ಕೂಗುತ್ತಾರೆ. ಹೊಸದಾಗಿ ಮದುವೆಯಾದವರು ಬಂದು ಒಬ್ಬರಿಗೊಬ್ಬರು ಹೇಳಲಾಗದ್ದನ್ನು ಅದರ ಕಿವಿಯಲ್ಲಿ ಹೇಳಿ ಫೋಟೋ ತೆಗೆಸಿಕೊಳ್ಳುತ್ತಾರೆ. ಆ ಬಲಗಿವಿ ಉಜ್ಜಿ ಉಜ್ಜಿ ಬಂಗಾರದ ಹಾಗೆ ಹೊಳೆಯುತ್ತದೆ, ಉಳಿದ ಮೈ ಕಪ್ಪಾಗಿದೆ. ಯಾರಿಗಾದರೂ ಒಂದು ಮಾತು ಬೇಗ ತಿಳಿಯದಿದ್ದರೆ ನಮ್ಮ ಪೇಟೆಯಲ್ಲಿ ಈಗ, “ಏನ್ಲೇ, ಪಾರ್ಕಿನ ಕುರಿ ಆದೆಯಾ” ಎನ್ನುತ್ತಾರೆ.

ಆ ಕುರಿಗೆ ಹಾಗೆ ಕೂರುವುದನ್ನು ಕಲಿಸಿದವನು ನಾನು.

ನಾನು ಹುಟ್ಟಿದ್ದು ಉಳ್ಳಾರ್ತಿ ಕಾವಲು ಎಂಬ ಹುಲ್ಲುಗಾವಲಿನ ಅಂಚಿನ ಒಂದು ಊರಿನಲ್ಲಿ, ಕುರಿ ಸಾಕುವವರ ಮನೆಯಲ್ಲಿ. ಅವ್ವ ನನಗೆ ನೆನಪು ಮೂಡುವ ಮೊದಲೇ ತೀರಿಕೊಂಡಳು. ಅಪ್ಪನೂ ಹೆಚ್ಚು ದಿನ ಇರಲಿಲ್ಲ. ಅಣ್ಣ ನನಗಿಂತ ಬಹಳ ದೊಡ್ಡವನು. ಅವನು ಮದುವೆಯಾಗಿ ತಂದದ್ದು ದೇವಸಮುದ್ರದಿಂದಾಚೆಗಿನ ಒಂದು ಹಟ್ಟಿಯ ಹೆಣ್ಣನ್ನು. ಅದು ಆಂಧ್ರದ ಗಡಿ. ಅವಳ ತವರಿನಲ್ಲಿ ಮನೆಯೊಳಗೆ ತೆಲುಗು, ಸಂತೆಗೆ ಹೋದರೆ ಕನ್ನಡ. ನಮ್ಮ ಮನೆಗೆ ಬಂದ ಮೇಲೆ ಅವಳು ನಮ್ಮೊಂದಿಗೆ ಕನ್ನಡ ಆಡುತ್ತಿದ್ದಳು, ಕುರಿಗಳೊಂದಿಗೆ ತೆಲುಗು. ಕುರಿಗಳೂ ಅದನ್ನು ಕಲಿತವು.

ಅವಳ ಎಡಗಿವಿ ಚಿಕ್ಕಂದಿನಲ್ಲೇ ಸೋರಿ ಸೋರಿ ಹೋಗಿತ್ತು. ಬಲಗಿವಿ ಪರವಾಗಿರಲಿಲ್ಲ. ಅದಕ್ಕೆ ನಮ್ಮ ಮನೆಯಲ್ಲಿ ಒಂದು ರೂಢಿ ಬೆಳೆದಿತ್ತು. ಅವಳ ಹತ್ತಿರ ಮಾತಾಡುವವರು ಬಲಗಡೆಗೇ ಹೋಗಿ ಕೂರಬೇಕು. ಊಟಕ್ಕೆ ಕೂತರೂ ಅಣ್ಣ ಬಲಗಡೆ, ನಾನು ಎದುರಿಗೆ. ಯಾರೂ ಹೇಳಿಕೊಟ್ಟದ್ದಲ್ಲ, ಒಲೆಯ ಬಿಸಿ ಎಲ್ಲಿದೆ ಎಂದು ತಿಳಿಯುವ ಹಾಗೆ ತಿಳಿದದ್ದು. ಆದರೂ ಕೇಳಿಸದಿದ್ದರೆ ಅವಳು ಕೈಯನ್ನು ಬಲಗಿವಿಯ ಹಿಂದೆ ಒಡ್ಡಿ, ಕತ್ತು ವಾಲಿಸಿ, “ಏಮಂಟಿವಿ?” ಎನ್ನುತ್ತಿದ್ದಳು. ಏನಂದೆ ಎಂದು. ಎಷ್ಟು ವರ್ಷವಾದರೂ ಆ ಒಂದು ಮಾತು ಮಾತ್ರ ಅವಳ ಬಾಯಿಗೆ ತೆಲುಗಿನಲ್ಲೇ ಬರುತ್ತಿತ್ತು.

ನನ್ನನ್ನು ಹೈಸ್ಕೂಲಿಗೆ ಕಳಿಸಿದ್ದು ಅವಳ ಹಟ. ಅಣ್ಣ ಕುರಿ ಹಿಂದೆ ಬಾ ಎಂದಾಗ, “ನಾನು ಹೋಗ್ತೀನಿ, ಅವ್ನು ಓದ್ಕಳ್ಳಿ” ಎಂದು ಕಂಬಳಿ ಕೊಪ್ಪೆ ಹಾಕಿಕೊಂಡು ತಾನೇ ಕಾವಲಿಗೆ ಹೊರಟಳು. ಹೈಸ್ಕೂಲು ಮುಗಿಸಿ ನಾನು ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿನಲ್ಲಿ ಗುಮಾಸ್ತನಾದೆ. ಇಸ್ತ್ರಿ ಅಂಗಿ ಹಾಕಿದೆ. ಮಿಲ್ಲಿನಲ್ಲಿ ಯಾರಾದರೂ ಮನೆತನ ಕೇಳಿದರೆ ವ್ಯವಸಾಯ ಎನ್ನುತ್ತಿದ್ದೆ. ಕುರಿ ಎಂಬ ಮಾತು ಬಾಯಿಗೆ ಬರುತ್ತಿರಲಿಲ್ಲ. ಅಣ್ಣ ಸಂತೆಗೆ ಬಂದಾಗ ಮಿಲ್ಲಿನ ಗೇಟಿನ ಹತ್ತಿರ ನಿಂತು ಹೇಳಿ ಕಳಿಸುತ್ತಿದ್ದ. ನಾನು ಅವನನ್ನು ಹಿಂದಿನ ರಸ್ತೆಯ ಟೀ ಅಂಗಡಿಗೆ ಕರೆದುಕೊಂಡು ಹೋಗುತ್ತಿದ್ದೆ. ಉಣ್ಣೆಯ ವಾಸನೆ ನನ್ನ ಜತೆಯವರಿಗೆ ಬಡಿಯದಿರಲಿ ಎಂದು.

ಮದುವೆಯಾದ ಸ್ವಲ್ಪ ದಿನಕ್ಕೆ ನನ್ನ ಪಾಲು ಕೇಳಲು ಊರಿಗೆ ಹೋದೆ. ಜತೆಗೆ ಇಬ್ಬರು ಹಿರಿಯರನ್ನು ಕರೆದುಕೊಂಡಿದ್ದೆ. ಬೆಳಗ್ಗೆಯೇ ಅಂಗಳದಲ್ಲಿ ಮಾತು ಶುರುವಾಯಿತು. ಬಾವಿ ಇರುವ ಹೊಲ ನನಗೆ ಬೇಕೆಂದು ನಾನು, ಆ ಬಾವಿ ತೋಡಿದ್ದೇ ತಾನೆಂದು ಅಣ್ಣ.

“ನಿನ್ನ ಓದ್ಸಿದ್ಯಾರಲೇ?” ಎಂದ ಅಣ್ಣ.

“ಓದ್ಸಿದ್ದಕ್ಕೆ ಹೊಲ ಬರ್ಕೊಡ್ಲೇನು? ನನ್ನ ಪಾಲು ನಂಗೆ ಕೊಡು.”

ಅತ್ತಿಗೆ ಒಳಗಿನಿಂದ ಬಾಗಿಲಿಗೆ ಬಂದು ಕಿವಿಗೆ ಕೈ ಒಡ್ಡಿದಳು. “ಏಮಂಟಿವಿ?”

“ಪಾಲು,” ಎಂದು ನಾನು ಅವಳಿಗೆ ಕೇಳುವ ಹಾಗೆ ಕಿರುಚಿದೆ. “ಪಾಲು ಬೇಕು, ಪಾಲು.”

ಅವಳು ತಲೆಯಾಡಿಸಿ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಒಂದು ಚೊಂಬು ತುಂಬ ಹಾಲು, ನಾಲ್ಕು ಲೋಟ ಹಿಡಿದುಕೊಂಡು ಬಂದಳು. ತೆಲುಗಿನಲ್ಲಿ ಪಾಲು ಎಂದರೆ ಹಾಲು. ನಮ್ಮ ಕಡೆ ಇದು ಎಲ್ಲರಿಗೂ ಗೊತ್ತು.

ಹಿರಿಯರಲ್ಲಿ ಒಬ್ಬರ ಹೊಟ್ಟೆ ಕುಲುಕಲು ಶುರುವಾಯಿತು. “ಬಂತಲ್ಲಪ್ಪ ನಿನ್ನ ಪಾಲು,” ಎಂದರು. “ಬಿಸಿ ಐತೆ, ಸಮವಾಗಿ ಹಂಚ್ಕಳ್ರಿ.” ಅಣ್ಣನೂ ನಕ್ಕ. ನಾನೂ ನಕ್ಕೆ. ನಮಗೆಲ್ಲ ಹಾಲು ಬಗ್ಗಿಸಿ ಕೊಟ್ಟು ಅವಳು ಮುಖ ಮುಖ ನೋಡುತ್ತ ನಿಂತಿದ್ದಳು. ಹಾಲು ಕುಡಿದ ಮೇಲೆ ಅಣ್ಣ ಬಾವಿಯ ಹೊಲ ನನಗೇ ಬಿಟ್ಟುಕೊಟ್ಟ. ವರ್ಷಗಳ ಮೇಲೆ, ಅವನು ಇನ್ನೂ ಗಟ್ಟಿಯಾಗಿದ್ದಾಗಲೇ, ಅದಕ್ಕಾಗಿ ಅವನ ಮುಂದೆ ತಲೆ ಬಗ್ಗಿಸಿ ತಪ್ಪಾಯಿತು ಎಂದಿದ್ದೇನೆ. ಅವನು “ಹೋಗಲೇ” ಎಂದು ಬೀಡಿ ಹಚ್ಚಿದ.

ಆ ಹಾಲಿನ ಕಥೆ ಮಾತ್ರ ನನ್ನದಾಯಿತು. ಮಿಲ್ಲಿನಲ್ಲಿ ಹೇಳಿದೆ, ಮದುವೆ ಮನೆಗಳಲ್ಲಿ ಹೇಳಿದೆ. ಬರೀ ಹೇಳಿದರೆ ಸಾಲದೆಂದು ಅಭಿನಯವನ್ನೂ ಸೇರಿಸಿದೆ. ಕೈಯನ್ನು ಎಷ್ಟು ಒಡ್ಡಬೇಕು, ಬಾಯಿ ಎಷ್ಟು ತೆರೆಯಬೇಕು, ಎಲ್ಲಿ ನಿಲ್ಲಿಸಿದರೆ ಜನ ನಗುತ್ತಾರೆ ಎಂಬುದೆಲ್ಲ ಪಳಗಿತು. ಅವಳು ಯಾರೆಂದು ಎಲ್ಲೂ ಹೇಳುತ್ತಿರಲಿಲ್ಲ.

ನಿವೃತ್ತನಾದ ಮೇಲೆ ಬೆಳಗಿನ ಹೊತ್ತು ಪಾರ್ಕಿನಲ್ಲಿ ನಡೆಯುವ ಗುಂಪು ಸೇರಿದೆ. ಒಮ್ಮೆ ದೂರದ ಊರಿನ ಒಬ್ಬ ಶಿಲ್ಪಿ ಬಂದ. ಪೇಟೆಯ ಒಬ್ಬರು ಪಾರ್ಕಿಗೆ ಒಂದು ಕಂಚಿನ ಪ್ರಾಣಿ ಮಾಡಿಸಿ ಕೊಡುವುದಾಗಿ ಒಪ್ಪಿದ್ದರು. ಮಕ್ಕಳು ನಗಬೇಕು, ಆದರೆ ಪ್ರಾಣಿ ಈ ನೆಲದ್ದೇ ಆಗಿರಬೇಕು ಎಂದು ಅವನು ನಮ್ಮನ್ನೆಲ್ಲ ಕೇಳುತ್ತ ಬಂದ. ಒಬ್ಬರು ಅಮೃತಮಹಲ್ ಹೋರಿ ಎಂದರು, ಇನ್ನೊಬ್ಬರು ಜಿಂಕೆ ಎಂದರು. ನನ್ನ ಪಕ್ಕದ ಗೆಳೆಯ ನನ್ನ ತೊಡೆ ತಟ್ಟಿ, “ಕುರಿ ಸಾಕೋರ ಮನೇದು ಆ ಪಾಲಿನ ಕಥೆ ಹೇಳ್ರಿ, ಕುರೀನೇ ಹಂಗೆ ಕೂರ್ಸಿದ್ರೆ ನಗು ಬರಲ್ವೇನು” ಎಂದ.

ಹೇಳಿದೆ. ಕಲ್ಲುಬೆಂಚಿನ ಮೇಲೆ ಕೂತು, ನೀರಿನ ಬಾಟಲಿಯನ್ನು ಚೊಂಬಿನ ಹಾಗೆ ತೊಡೆಯ ಮೇಲಿಟ್ಟು, ಕಿವಿಗೆ ಕೈ ಒಡ್ಡಿ, “ಏಮಂಟಿವಿ?” ಎಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಶಿಲ್ಪಿ ನಗಲಿಲ್ಲ.

“ಸರ್, ಹಂಗೇ ಕೂತಿರಿ,” ಎಂದ. ಪೆನ್ಸಿಲ್ ತೆಗೆದು ಬರೆಯತೊಡಗಿದ. ಬಿಸಿಲು ಮುಖಕ್ಕೆ ಬರುವವರೆಗೂ ನಾನು ಹಾಗೇ ಕೂತಿದ್ದೆ. ಕೈ ಜೋಮು ಹಿಡಿಯಿತು, ಆದರೂ ಇಳಿಸಲಿಲ್ಲ. ನನ್ನ ಜನ್ಮದಲ್ಲಿ ಯಾರೂ ನನ್ನನ್ನು ಅಷ್ಟು ಹೊತ್ತು ನೋಡಿರಲಿಲ್ಲ.

ಬರೆದು ಮುಗಿಸಿ ಅವನು ಕೇಳಿದ. “ಯಾರು ಸರ್ ಈ ಅಮ್ಮ? ಒಂದ್ಸಲ ನೋಡಬಹುದಾ?”

“ಯಾರೋ ನಮ್ಮ ಕಡೆ ಒಬ್ಬ ಮುದುಕಿ,” ಎಂದೆ. “ಸತ್ತು ಬಹಳ ವರ್ಷ ಆತು.”

ಆ ಹೊತ್ತಿನಲ್ಲಿ ಅತ್ತಿಗೆ ಊರಿನಲ್ಲಿ ಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದಿರಬೇಕು.

ಅವನು ಜೇಡಿಮಣ್ಣಿನಲ್ಲಿ ಮಾದರಿ ಮಾಡಿ, ಎಲ್ಲೋ ಎರಕ ಹೊಯ್ದು, ಕುರಿಯನ್ನು ತಂದು ಕೂರಿಸಿದ. ಸಮಾರಂಭದಲ್ಲಿ ನನಗೂ ಒಂದು ಹಾರ ಹಾಕಿದರು. ಮುಚ್ಚಿದ್ದ ಬಟ್ಟೆ ತೆಗೆದಾಗ ಜನ ನಕ್ಕ ಸದ್ದು ರಸ್ತೆಯವರೆಗೆ ಕೇಳಿತಂತೆ. ನಾನು ಕೂತು ತೋರಿಸಿದ್ದು ಅಣಕ. ಅವನು ಅಣಕವನ್ನು ಬಿಟ್ಟು ಅದರ ಹಿಂದಿದ್ದವಳನ್ನು ಹಿಡಿದಿದ್ದ. ಆ ವಾಲಿದ ಕತ್ತಿನಲ್ಲಿ, ಎದುರಿನವರ ಮಾತು ತಪ್ಪಿಹೋಗಬಾರದೆಂಬ ಆ ಕಾತರದಲ್ಲಿ, ನಮ್ಮ ಮನೆಯ ಬಾಗಿಲಿನಲ್ಲಿ ನಿಂತಿದ್ದ ಹೆಂಗಸು ಹಾಗೇ ಇದ್ದಳು. ಆದರೂ ಎಲ್ಲರ ಜತೆ ನಕ್ಕೆ.

ಅಣ್ಣ ತೀರಿಕೊಂಡ ಮೇಲೆ ಅತ್ತಿಗೆಗೆ ಕಣ್ಣಿನ ಪೊರೆ ಬಂತು. ಡಾಕ್ಟರಿಗೆ ತೋರಿಸಲು ಅವಳನ್ನು ನಮ್ಮ ಮನೆಗೆ ಕರೆತಂದೆವು. ಪಾರ್ಕಿನ ಕಡೆ ಹೋಗದ ಹಾಗೆ ನಾನು ಎಚ್ಚರದಿಂದಿದ್ದೆ. ಆದರೆ ಒಂದು ಸಂಜೆ ಇಬ್ಬರೂ ಪೇಟೆಯಿಂದ ನಡೆದು ಬರುವಾಗ ಅವಳಿಗೆ ದಣಿವಾಯಿತು. “ಆ ಮರದ ಕೆಳಗೆ ಒಂಚೂರು ಕೂತ್ಕಳನಪ್ಪ” ಎಂದು ಗೇಟಿನೊಳಗೆ ಹೊರಟೇಬಿಟ್ಟಳು. ಮಂಜು ಕಣ್ಣಿಗೆ ಬೆಂಚಿನ ಮೇಲೆ ಯಾರೋ ಕೂತಿರುವಂತೆ ಕಂಡಿತೋ ಏನೋ, ನೇರವಾಗಿ ಕುರಿಯ ಹತ್ತಿರ ಹೋದಳು. ಹತ್ತಿರ ಹೋಗಿ ಮುಟ್ಟಿ ನೋಡಿ ನಕ್ಕಳು. “ಅಯ್ಯ, ಕುರಿ. ಯಾರೋ ಯಜಮಾನ್ತಿ ಅಂದ್ಕಂಡೆ.”

ಅದೇ ಹೊತ್ತಿಗೆ ನನ್ನ ಗುಂಪಿನ ಆ ಗೆಳೆಯ ಬಂದ. ಅವನು ಕೆಟ್ಟವನಲ್ಲ, ಇವತ್ತಿಗೂ ಅವನ ಮೇಲೆ ನನಗೆ ಸಿಟ್ಟಿಲ್ಲ.

“ಏನಮ್ಮ, ಕುರಿ ನೋಡಿದ್ರಾ? ಇದಕ್ಕೆ ಕೂತು ತೋರಿಸಿದೋರು ಇವ್ರೇ ನೋಡ್ರಿ,” ಎಂದು ನನ್ನ ಭುಜ ತಟ್ಟಿದ. “ಇವ್ರ ಕಡೆ ಒಬ್ಬ ಮುದುಕಿ ಇದ್ಲಂತೆ, ಕಿವುಡಿ. ಪಾಲು ಕೇಳಿದ್ರೆ ಹಾಲು ತಂದ್ಲಂತೆ. ಪಾಪ, ಸತ್ತು ಹೋದ್ಲಂತೆ. ಬದುಕಿದ್ದಿದ್ರೆ ಕರ್ಕೊಂಡ್ ಬಂದು ತೋರಿಸ್ಬೇಕಾಗಿತ್ತು ಅಂತ ನಾವು ಅಂತಿರ್ತೀವಿ.”

ಅತ್ತಿಗೆ ಅವನ ಕಡೆ ಕತ್ತು ವಾಲಿಸಿದಳು. ಕೈ ಬಲಗಿವಿಯ ಹಿಂದೆ ಹೋಯಿತು. ಬಾಯಿ ಅರ್ಧ ತೆರೆಯಿತು.

“ಏಮಂಟಿವಿ?”

ಗೆಳೆಯ ಅವಳನ್ನು ನೋಡಿದ. ಕುರಿಯನ್ನು ನೋಡಿದ. ಮತ್ತೆ ಅವಳನ್ನು ನೋಡಿ, ನನ್ನ ಕಡೆ ತಿರುಗದೆ, “ಏನಿಲ್ಲಮ್ಮ, ಬರ್ತೀನಿ” ಎಂದು ಹೊರಟುಹೋದ.

ಅವಳು ಕೈ ಇಳಿಸಿದಳು. ಕುರಿಯ ಒಡ್ಡಿದ ಕಾಲನ್ನು, ಉಜ್ಜಿ ಹೊಳೆಯುವ ಕಿವಿಯನ್ನು, ಚೊಂಬನ್ನು ಒಂದೊಂದಾಗಿ ಮುಖ ಹತ್ತಿರ ತಂದು ನೋಡಿದಳು. ಗೆಳೆಯ ಅಂದದ್ದು ಅವಳಿಗೆ ಎಷ್ಟು ಕೇಳಿಸಿತ್ತೋ ನನಗೆ ತಿಳಿಯದು. ಕೇಳಿಸಬೇಕಾದದ್ದು ಕೇಳಿಸಿತ್ತು.

“ಯಾರು ಹೇಳ್ಯಾರೆ ಇವ್ರಿಗೆ?” ಎಂದಳು.

“ಗೊತ್ತಿಲ್ಲ ಅತ್ತಿಗೆ.”

ಆ ದಿನ ಅಂಗಳದಲ್ಲಿದ್ದವರಲ್ಲಿ ಹಿರಿಯರಿಬ್ಬರೂ ಸತ್ತಿದ್ದರು, ಅಣ್ಣ ಸತ್ತಿದ್ದ. ಉಳಿದವರು ನಾವಿಬ್ಬರೇ. ಅದು ಅವಳಿಗೂ ಗೊತ್ತು.

ಮನೆಯ ದಾರಿಯಲ್ಲಿ ಬಹಳ ದೂರ ನಡೆದೆವು. ಆಮೇಲೆ ಸಂತೆಯ ಸಮಾಚಾರ ಹೇಳುವ ದನಿಯಲ್ಲಿ ಹೇಳಿದಳು.

“ಆವತ್ತು ನಂಗೆ ಕೇಳಿಸಿತ್ತು ಕಣಪ್ಪ. ಊರೆಲ್ಲ ಕೇಳೋ ಹಂಗೆ ಕಿರುಚ್ದೆ, ನಂಗೆ ಕೇಳ್ಸಲ್ವೇನು. ಅಷ್ಟು ವರ್ಷ ನಿಮ್ಮನೇಲಿ ಹಾಲು ಕಾಯ್ಸಿದೋಳಿಗೆ ಹಾಲು ಯಾವ್ದು ಪಾಲು ಯಾವ್ದು ಗೊತ್ತಾಗಲ್ವೇನೋ.”

ನಾನು ಕಾಲ ಮುಂದಿನ ದಾರಿಯನ್ನೇ ನೋಡುತ್ತ ನಡೆದೆ.

“ನಿಮ್ಮಣ್ಣ ಬಾಗ್ಲ ಹಿಂದಿನ ಕೊಡ್ಲಿ ಕಡೆ ನೋಡ್ತಿದ್ದ. ನೀನು ಹೊಟ್ಟೆಗೇನೂ ಇಲ್ದೆ ಹಾರಾಡ್ತಿದ್ದೆ. ಏನು ಮಾಡ್ಲಿ? ನಂಗೆ ಹೊಳೆದದ್ದು ಅದೇ. ನಕ್ಕಂಡು ಕುಡಿದ್ರಿ, ಅಷ್ಟೇ ಬೇಕಾಗಿತ್ತು.” ಸ್ವಲ್ಪ ನಡೆದ ಮೇಲೆ ಇನ್ನೊಂದು ಮಾತು ಸೇರಿಸಿದಳು. “ನಿಂಗೆ ಇನ್ನೂ ನಗು ನಿಂತಿಲ್ಲ ಅಂತ ಗೊತ್ತಿರ್ಲಿಲ್ಲ.”

ಆಗಲೇ, ಆ ರಸ್ತೆಯಲ್ಲೇ ಕಾಲು ಹಿಡಿಯಬೇಕಾಗಿತ್ತು. ಎದುರಿನಿಂದ ಪರಿಚಯದವರು ಬರುತ್ತಿದ್ದರು. ಅವರಿಗೆ ನಮಸ್ಕಾರ ಎಂದೆ.

ಅಂದಿನಿಂದ ಅವಳು ಕಿವಿಗೆ ಕೈ ಒಡ್ಡುವುದನ್ನು ಬಿಟ್ಟಳು. ಯಾರು ಏನು ಹೇಳಿದರೂ ತಲೆಯಾಡಿಸುವಳು. ನನ್ನ ಹೆಂಡತಿ “ಇನ್ನೊಂದು ಮುದ್ದೆ ಹಾಕ್ಲಾ ಅಕ್ಕ” ಎಂದರೆ ತಲೆಯಾಡಿಸಿ, ಹಾಕಿದ ಮೇಲೆ ಗಾಬರಿಯಾಗಿ ತಟ್ಟೆ ನೋಡಿ, ಕಷ್ಟಪಟ್ಟು ನುಂಗುವಳು. ಕಣ್ಣಿನ ಡಾಕ್ಟರು ಬೆರಳು ತೋರಿಸಿ ಕಾಣುತ್ತಾ ಅಮ್ಮ ಎಂದರೆ ತಲೆಯಾಡಿಸಿದಳು, ನೋವಿದೆಯಾ ಎಂದರೆ ಅದಕ್ಕೂ ತಲೆಯಾಡಿಸಿದಳು. ಡಾಕ್ಟರು ನನ್ನ ಮುಖ ನೋಡಿದರು. “ಅತ್ತಿಗೆ, ಸರಿಯಾಗಿ ಕೇಳಿಸ್ಕೊಂಡು ಹೇಳು” ಎಂದು ನಾನೇ ಗದರಿದೆ. ಅವಳ ಕೈ ಮಡಿಲಿನಿಂದ ಒಂದಿಷ್ಟು ಎದ್ದು ಮತ್ತೆ ಮಡಿಲಿಗೇ ಇಳಿಯಿತು. ಹೆಂಡತಿ ರಾತ್ರಿ ನನ್ನನ್ನು ಕೇಳಿದಳು, ಅಕ್ಕನಿಗೆ ಏನಾಗಿದೆ ಎಂದು. ಅವಳಿಗೆ ಎಲ್ಲವನ್ನೂ ಹೇಳಿದೆ. ಅವಳು ಮಗ್ಗುಲು ತಿರುಗಿ ಮಲಗಿದಳು. “ನಂಗ್ಯಾಕೆ ಹೇಳ್ತೀರಿ?” ಎಂದಳು.

ಅಣ್ಣನ ಮಗಳನ್ನು ಅತ್ತಿಗೆಯ ತವರಿನ ಕಡೆಗೇ ಕೊಟ್ಟಿದೆ, ದೇವಸಮುದ್ರದ ಹತ್ತಿರ. ಪೊರೆ ತೆಗೆಸಿಕೊಂಡು ಊರಿಗೆ ಮರಳಿದ್ದ ಅತ್ತಿಗೆ ಕಾಯಿಲೆ ಬಿದ್ದಾಗ ಮಗಳು ಅವಳನ್ನು ಅಲ್ಲಿಗೆ ಕರೆದುಕೊಂಡು ಹೋದಳು. ಸುದ್ದಿ ತಿಳಿದು ನಾನು ಮೊಳಕಾಲ್ಮೂರಿನ ಕಡೆಯ ಬಸ್ಸು ಹತ್ತಿದೆ. ಈ ಸಲ ಕ್ಷಮೆ ಕೇಳಿಯೇ ಬರುವುದೆಂದು ಗಟ್ಟಿ ಮಾಡಿಕೊಂಡಿದ್ದೆ. ಆಡಬೇಕಾದ ಮಾತನ್ನು ಬಸ್ಸಿನಲ್ಲಿ ಮನಸ್ಸಿನೊಳಗೇ ಮತ್ತೆ ಮತ್ತೆ ಆಡಿಕೊಂಡೆ.

ಅವಳನ್ನು ಪಡಸಾಲೆಯಲ್ಲಿ ಮಂಚದ ಮೇಲೆ ಮಲಗಿಸಿದ್ದರು. ಇಳಿದುಹೋಗಿದ್ದಳು. ಅಣ್ಣನ ಮಗಳು ನನಗಾಗಿ ಅತ್ತಿಗೆಯ ಬಲಗಡೆಗೆ ಕುರ್ಚಿ ಹಾಕಿ ಟೀ ಕಾಯಿಸಲು ಒಳಗೆ ಹೋದಳು. ನಾನು ಕುರ್ಚಿಯಲ್ಲಿ ಕೂರಲಿಲ್ಲ. ಸುತ್ತಿ ಹೋಗಿ ಎಡಗಡೆ ಮಂಚದ ಅಂಚಿನಲ್ಲಿ ಕೂತೆ.

ಗಮನವಿರಲಿಲ್ಲ, ದುಃಖದಲ್ಲಿ ಹಾಗಾಯಿತು ಎಂದು ಬರೆಯಬಹುದಿತ್ತು. ಆ ಮನೆಯಲ್ಲಿ ಬೆಳೆದವನಿಗೆ ಅದು ಮರೆಯುವ ಸಂಗತಿಯಲ್ಲ. ಬಲಗಡೆ ಕೂತರೆ ಅವಳಿಗೆ ಕೇಳಿಸುತ್ತಿತ್ತು. ಕೇಳಿಸಿದರೆ ಅವಳು ಏನಾದರೂ ಅನ್ನುತ್ತಿದ್ದಳು. ಅವಳು ಅನ್ನುವುದನ್ನು ನಾನು ಕೇಳಬೇಕಾಗುತ್ತಿತ್ತು.

“ತಪ್ಪಾತು ಅತ್ತಿಗೆ,” ಎಂದೆ, ಮೆಲ್ಲಗೆ. “ಬದುಕಿರೋಳನ್ನ ಸತ್ತಾಳೆ ಅಂದೆ. ನೀನು ನಮ್ಮನೆ ಉಳ್ಸಿದ್ದನ್ನ ಊರ ಬಾಯಿಗೆ ಹಾಕ್ದೆ. ಕ್ಷಮಿಸು.”

ಅವಳು ಮುಖ ತಿರುಗಿಸಿ ನನ್ನ ತುಟಿಗಳನ್ನೇ ನೋಡುತ್ತಿದ್ದಳು. ನಾನು ಮುಗಿಸಿದ ಮೇಲೆ ತಲೆಯಾಡಿಸಿದಳು. ಹೊದಿಕೆಯ ಒಳಗಿಂದ ಕೈ ತೆಗೆದು ನನ್ನ ಮೊಣಕಾಲಿನ ಮೇಲೆ ಇಟ್ಟಳು. ಟೀ ಬಂತು, ಕುಡಿದೆ. ವಾಪಸು ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು, ಚೆನ್ನಾಗಿ ನಿದ್ದೆ ಬಂತು. ಹೇಳಿದ್ದಾಯಿತು, ಅವಳು ಹೂಂ ಎಂದದ್ದೂ ಆಯಿತು ಎಂದು ಲೆಕ್ಕ ಚುಕ್ತ ಮಾಡಿದವನ ಹಾಗೆ ಮನೆ ಸೇರಿದೆ.

ಹೆಚ್ಚು ದಿನ ಕಳೆಯಲಿಲ್ಲ, ಹೋದಳು. ಕಾರ್ಯ ಮುಗಿದ ದಿನ ಬಂದವರೆಲ್ಲ ಊಟ ಮಾಡಿ ಚದುರಿದ ಮೇಲೆ ಅಣ್ಣನ ಮಗಳು ಅಡುಗೆಮನೆಯಲ್ಲಿ ಪಾತ್ರೆ ಕವುಚಿಡುತ್ತಿದ್ದಳು. ನೀರು ಕುಡಿಯಲು ಹೋದ ನನ್ನನ್ನು ನಿಲ್ಲಿಸಿ ಕೇಳಿದಳು.

“ಚಿಕ್ಕಪ್ಪ, ಆವತ್ತು ಬಂದಾಗ ಅವ್ವನ ಹತ್ರ ಏನಂದ್ರಿ?”

“ಯಾಕವ್ವ?”

“ನೀವು ಹೋದಾಗ್ಲಿಂದ ಅದೇ ಕೇಳ್ತಿದ್ಲು. ‘ಅವ್ನು ಏನೋ ಅಂದ, ತುಟಿ ಅಲ್ಲಾಡ್ತು, ಕಣ್ಣಾಗೆ ನೀರು ಬಂತು, ಏನಂದ ಕೇಳಿದೇನೇ?’ ಅಂತ. ಅಲ್ಲೇ ಕೇಳ್ಬಾರ್ದಾಗಿತ್ತೇನವ್ವ ಅಂದೆ. ‘ಅವ್ನ ಮುಂದೆ ಕಿವಿಗೆ ಕೈ ಇಡಾಕೆ ನಾಚ್ಕೆ ಆತು ಕಣೆ, ಸುಮ್ನೆ ತಲೆ ಆಡಿಸ್ದೆ. ಹೋಗಿ ಬರ್ಲಿ, ಇನ್ನೊಂದ್ಸಲ ಬಂದಾಗ ಬಲಗಡೆ ಕೂರ್ಸು’ ಅಂದ್ಲು.”

ಅವಳು ಪಾತ್ರೆ ಒರೆಸುತ್ತ ನನ್ನ ಮುಖ ನೋಡಿದಳು. “ಹೊಲದ್ದೇನಾರ ಇತ್ತಾ ಚಿಕ್ಕಪ್ಪ?”

“ಇಲ್ಲವ್ವ,” ಎಂದೆ. “ಹುಷಾರಾಗಿರು ಅಂದೆ, ಅಷ್ಟೇ.”

“ಅಷ್ಟೇನಾ,” ಎಂದಳು. “ಪಾಪ, ಅಷ್ಟಕ್ಕೆ ಎಷ್ಟು ಕೊರಗಿದ್ಲು.”

ಆಮೇಲೆ ಶಿಲ್ಪಿಗೆ ಫೋನು ಮಾಡಿ, ಆ ಅಮ್ಮ ಆಗ ಸತ್ತಿರಲಿಲ್ಲ, ನಾನು ಸುಳ್ಳು ಹೇಳಿದೆ ಎಂದೆ. ಪಾರ್ಕಿನ ಗೆಳೆಯನಿಗೂ ಹೇಳಿದೆ. ಅಣ್ಣನ ಮಗಳು ಇದನ್ನು ಓದಿಸಿಕೊಂಡು ಕೇಳಿದರೆ ಅವಳಿಗೂ ತಿಳಿಯುತ್ತದೆ. ಎಲ್ಲರಿಗೂ ಕೇಳುವ ಹಾಗೆ ಹೇಳಿದ್ದೇನೆ. ಕೇಳಿಸದ ಹಾಗೆ ಹೇಳಿದ್ದು ಒಬ್ಬಳಿಗೆ, ನಮ್ಮ ಅತ್ತಿಗೆಗೆ.